ಸೇವಂತಿಗೆ ಮೊಗ್ಗು ಕಟ್ಟುತ್ತಿಲ್ವಾ? ಔಷಧಿ ಅಂಗಡಿಗಿಂತ ಮೊದಲು ರಾತ್ರಿ ಹೊಲಕ್ಕೆ ಹೋಗಿ

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಕೋಲಾರದ ಕಡೆ ಸೇವಂತಿಗೆ ಹಾಕಿರುವವರು, ಅದರಲ್ಲೂ ಪಕ್ಕದ ಜಮೀನು ಲೇಔಟ್ ಆಗುತ್ತಿರುವವರು ಇದನ್ನು ಓದಿ. ಗಿಡ ಸೊಂಪಾಗಿದೆ, ಎಲೆ ಕಡುಹಸಿರು, ರೋಗ ಇಲ್ಲ, ಆದರೆ ಮೊಗ್ಗು ಮಾತ್ರ ಇಲ್ಲ ಅಂದರೆ ಟಾನಿಕ್ಕಿಗೆ ದುಡ್ಡು ಸುರಿಯಬೇಡಿ. ಕತ್ತಲಾದ ಮೇಲೆ ಸಾಲಿನ ಮಧ್ಯೆ ನಿಂತು ನೋಡಿ, ಎಲ್ಲಿಂದಾದರೂ ಬೆಳಕು ಬೀಳುತ್ತಿದೆಯಾ ಅಂತ.

ನಮಗೆ ಆಗಿದ್ದು ಇಷ್ಟು. ಆಯುಧಪೂಜೆ, ದೀಪಾವಳಿ ಹೊತ್ತಿಗೆ ಕೊಯ್ಲಿಗೆ ಬರಲಿ ಅಂತ ಹಳದಿ ಸೇವಂತಿಗೆ ನಾಟಿ ಮಾಡಿದ್ದೆವು. ಪಕ್ಕದ ರಾಗಿ ಹೊಲ ಅಷ್ಟರಲ್ಲಿ ಸೈಟುಗಳಾಯಿತು. ಲೇಔಟಿನವರು ನಮ್ಮ ಬದುವಿಗೆ ಅಂಟಿಕೊಂಡ ಹಾಗೆ ಕಂಬ ನೆಟ್ಟು ದೊಡ್ಡ ಎಲ್ಇಡಿ ಹಾಕಿದರು. ಅಲ್ಲಿ ಒಂದು ಮನೆ ಇಲ್ಲ, ನಾಯಿ ಬಿಟ್ಟರೆ ಓಡಾಡುವವರಿಲ್ಲ, ಆದರೂ ಸೈಟು ನೋಡಲು ಬಂದವರಿಗೆ ಚೆನ್ನಾಗಿ ಕಾಣಲಿ ಅಂತ ಸಂಜೆಯಿಂದ ಬೆಳಗಿನ ತನಕ ಉರಿಯುತ್ತಿತ್ತು.

ಹೊಲದ ಆ ಕಡೆಯೆಲ್ಲ ಮೊಗ್ಗು ಕಟ್ಟಿತು, ಈ ಕಡೆ ಇಲ್ಲ. ಔಷಧಿ ಅಂಗಡಿಯವರು ಮೊಬೈಲಲ್ಲಿ ಫೋಟೋ ನೋಡಿ "ಪೊಟ್ಯಾಷ್ ಸಾಲ್ತಿಲ್ಲ ಅಣ್ಣಾ" ಅಂದರು, 0:52:34 ಅನ್ನೋ ಗೊಬ್ಬರ ಕೊಟ್ಟರು. ಆಮೇಲೆ 0:0:50 ಗೊಬ್ಬರ ಬಂತು. ಅದೂ ಆದ ಮೇಲೆ ಬಾಟಲಿ ಮೇಲೆ ಹೂವಿನ ಚಿತ್ರ ಇರೋ ಒಂದು ಟಾನಿಕ್. ಗಿಡ ಇನ್ನೂ ಎತ್ತರ ಹೋಯಿತು, ಅಷ್ಟೇ. ಒಂದೇ ಹೊಲ, ಒಂದೇ ಡ್ರಿಪ್, ಒಂದೇ ನರ್ಸರಿ ಸಸಿ, ಹಾಗಿದ್ದ ಮೇಲೆ ಪೊಟ್ಯಾಷ್ ಒಂದು ಮೂಲೆಯಲ್ಲಿ ಮಾತ್ರ ಹೇಗೆ ಕಡಿಮೆ ಆಗುತ್ತೆ ಅಂತ ಆ ಮನುಷ್ಯ ಕೇಳಲೇ ಇಲ್ಲ.

ತೋಟಗಾರಿಕೆ ಓದಿರುವ ನಮ್ಮ ಭಾವನ ಮಗ ಹಬ್ಬಕ್ಕೆ ಬಂದವನು ಹೊಲಕ್ಕೆ ಹೋಗಿ ನೋಡಿ ನಕ್ಕುಬಿಟ್ಟ. "ಮಾವಾ, ಇದು ಗೊಬ್ಬರದ ವಿಷಯವೇ ಅಲ್ಲ" ಅಂದ. ಮೊಗ್ಗಿಲ್ಲದ ಜಾಗ ಆ ಕಂಬದ ಸುತ್ತ ಸರಿಯಾಗಿ ಅರ್ಧ ಚಂದ್ರಾಕಾರ ಇತ್ತು. ಅದರ ನಡುವೆ ನಮ್ಮ ಪಂಪ್‌ಹೌಸ್ ಇದೆ. ಅದರ ಗೋಡೆಯ ನೆರಳು ಬೀಳುವ ಕಡೆ ಒಂದು ಪಟ್ಟಿ ಗಿಡ ತುಂಬಾ ಹೂ ಬಿಟ್ಟಿದ್ದವು. ದಾರ ಹಿಡಿದು ಗೆರೆ ಎಳೆದ ಹಾಗೆ, ಗೆರೆಯ ಆಚೆ ಬರೀ ಎಲೆ, ಈಚೆ ಹಳದಿ. ಅಂಚಿನ ಗಿಡಗಳದ್ದು ಇನ್ನೊಂದು ಕಥೆ. ಅವು ಮೊಗ್ಗು ಕಟ್ಟಿದ್ದವು, ಆದರೆ ಮೊಗ್ಗಿನ ಸುತ್ತ ಸಣ್ಣ ಎಲೆಗಳು ಮೂಡಿ ಅಲ್ಲಿಗೇ ನಿಂತುಬಿಟ್ಟಿದ್ದವು, ಅರಳಲೇ ಇಲ್ಲ.

ವಿಷಯ ಇಷ್ಟೇ. ಸೇವಂತಿಗೆ ಹೂ ಬಿಡೋದು ರಾತ್ರಿ ಉದ್ದ ಇದ್ದಾಗ. 1920ರಲ್ಲೇ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಅನ್ನೋರು ಹೊಗೆಸೊಪ್ಪಿನ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿ, ಹಗಲಿನ ಉದ್ದ ನೋಡಿ ಗಿಡ ಹೂ ಬಿಡುತ್ತೆ ಅಂತ ತೋರಿಸಿದ್ದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಿಡ ಲೆಕ್ಕ ಹಾಕೋದು ಕತ್ತಲನ್ನು, ಮಧ್ಯರಾತ್ರಿ ಸ್ವಲ್ಪ ಬೆಳಕು ಬಿದ್ದರೂ ಲೆಕ್ಕ ತಪ್ಪುತ್ತೆ ಅಂತ ಕಂಡುಕೊಂಡರು. ಬೆಂಗಳೂರಿನ ಸುತ್ತಮುತ್ತ ಜೂನ್ ತಿಂಗಳಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ, ಅಂದರೆ ವರ್ಷಪೂರ್ತಿ ರಾತ್ರಿ ಉದ್ದವೇ. ಅದಕ್ಕೇ ಇಲ್ಲಿ ಗಿಡ ಬೆಳೆಯೋ ಮುಂಚೆಯೇ ಮೊಗ್ಗಿಗೆ ಹೋಗಿಬಿಡುತ್ತೆ ಅಂತ ನಮ್ಮವರೇ ನಾಟಿ ಆದ ಹೊಸದರಲ್ಲಿ ಹೊಲಕ್ಕೆಲ್ಲ ಬಲ್ಬ್ ಕಟ್ಟಿ ರಾತ್ರಿ ಉರಿಸುತ್ತಾರಲ್ಲ, ಹೈವೇಯಲ್ಲಿ ಹೋಗುವವರು ನಿಲ್ಲಿಸಿ ಫೋಟೋ ತೆಗೆಯುತ್ತಾರಲ್ಲ, ಅದೇ ಲೆಕ್ಕ. ಗಿಡ ಸಾಕಷ್ಟು ಬೆಳೆದ ಮೇಲೆ ಅವರು ಬಲ್ಬ್ ಆರಿಸುತ್ತಾರೆ. ನಮ್ಮ ಪಕ್ಕದವರು ಆರಿಸಲಿಲ್ಲ.

ಹುಣ್ಣಿಮೆ ಬೆಳಕು ಏನೂ ಮಾಡಲ್ವಾ ಅಂತ ತುಂಬಾ ಜನ ಕೇಳಿದರು. ಮಾಡಲ್ಲ. ಬೆಳಕನ್ನು ಅಳೆಯೋದು ಲಕ್ಸ್ ಲೆಕ್ಕದಲ್ಲಿ, ಬೆಳದಿಂಗಳು ಕಾಲು ಲಕ್ಸ್ ಆಸುಪಾಸು. ಹೂ ತಡೆಯಲು ಬಲ್ಬ್ ಕಟ್ಟುವವರು ಇಟ್ಟುಕೊಳ್ಳೋದು 100 ಲಕ್ಸ್ ಸುತ್ತಮುತ್ತ, ಆದರೆ ಅದಕ್ಕಿಂತ ಎಷ್ಟೋ ಕಡಿಮೆ ಬೆಳಕಲ್ಲೂ ಹೂ ತಡ ಆಗುತ್ತೆ.

ಇನ್ನೊಂದು ಎಚ್ಚರಿಕೆ, ಇದು ಮುಖ್ಯ. ಊರಲ್ಲಿ ಒಬ್ಬರು ದೀಪಕ್ಕೆ ಕೆಂಪು ಬಣ್ಣದ ಹಾಳೆ ಸುತ್ತಿ, ಬೆಳಕು ಮಂದ ಆಗುತ್ತೆ ಅಂದರು. ಸದ್ಯ, ನಮ್ಮ ಭಾವನ ಮಗ ತಡೆದ. ಎಲೆಯೊಳಗೆ ಕತ್ತಲು ಅಳೆಯೋ ಫೈಟೋಕ್ರೋಮ್ ಅನ್ನೋ ವಸ್ತು ಎಲ್ಲಕ್ಕಿಂತ ಜಾಸ್ತಿ ಹಿಡಿಯೋದೇ ಕೆಂಪು ಬೆಳಕನ್ನು. ಉಪಕಾರ ಮಾಡೋಕೆ ಹೋಗಿ ಗಿಡಕ್ಕೆ ಬೇಡದ ಬೆಳಕನ್ನೇ ಸೋಸಿ ಕೊಟ್ಟ ಹಾಗಾಗುತ್ತಿತ್ತು.

ಇದು ಸೇವಂತಿಗೆ ಒಂದರ ಕಥೆ ಅಲ್ಲ. ರಸ್ತೆ ದೀಪದ ಕೆಳಗಿನ ಸೋಯಾ, ಉಳಿದದ್ದೆಲ್ಲ ಒಣಗಿ ಕಟಾವಿಗೆ ಬಂದರೂ ಹಸಿರಾಗೇ ನಿಂತಿರುತ್ತೆ. ಗಾಂಜಾ ಗಿಡದ್ದೂ ಇದೇ ಗುಣ. ನಮ್ಮಲ್ಲಿ ಅದನ್ನು ಬೆಳೆದರೆ 1985ರ ಮಾದಕ ವಸ್ತು ಕಾಯ್ದೆ ಪ್ರಕಾರ ಜೈಲು, ಆದರೆ 2018ರಿಂದ ಕಾನೂನುಬದ್ಧ ಆಗಿರುವ ಕೆನಡಾದಲ್ಲಿ ಅದನ್ನು ಕೋಣೆಯೊಳಗೆ ಬೆಳೆಯುವವರು ಹೂ ಬರಿಸಲು 12 ಗಂಟೆ ಪೂರ್ತಿ ಕತ್ತಲು ಕೊಡುತ್ತಾರೆ, ಬಾಗಿಲ ಸಂದಿಯ ಬೆಳಕನ್ನೂ ಮುಚ್ಚುತ್ತಾರೆ. ಗುಲಾಬಿ, ಟೊಮೆಟೊಗೆ ಈ ಕಾಟ ಇಲ್ಲ.

ಲೇಔಟಿನವರ ಹತ್ತಿರ ಹೋದರೆ "ಲೈಟಿಂದ ಹೂ ನಿಲ್ಲುತ್ತಾ?" ಅಂತ ನಗಾಡಿದರು. ಕೈಹಿಡಿದು ಕರೆದುಕೊಂಡು ಬಂದು ಪಂಪ್‌ಹೌಸ್ ಹಿಂದಿನ ಪಟ್ಟಿ ತೋರಿಸಿದ ಮೇಲೆ ಮೇಸ್ತ್ರಿ ಸುಮ್ನಾದರು. ಕೊನೆಗೆ ನಮ್ಮ ಖರ್ಚಲ್ಲೇ ದೀಪದ ಹಿಂಬದಿಗೆ ತಗಡು ಹೊಡೆಸಿ, ಮುಖವನ್ನು ಅವರ ರಸ್ತೆ ಕಡೆ ತಿರುಗಿಸಿದೆವು. ಕತ್ತಲು ಸಿಕ್ಕಿತು, ಹೂವೂ ಬಂತು, ಆದರೆ ದೀಪಾವಳಿ ಮುಗಿದು ರೇಟು ಬಿದ್ದ ಮೇಲೆ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ತಗೊಂಡು ಹೋದರೆ ಕೂಲಿ, ಬಾಡಿಗೆ ಹುಟ್ಟೋದೇ ಕಷ್ಟ ಆಯಿತು. ಟಾನಿಕ್ ದುಡ್ಡು ಯಾರೂ ವಾಪಸ್ ಕೊಡಲ್ಲ ಬಿಡಿ.

ಗುತ್ತಿಗೆಗೆ ಜಮೀನು ಹಿಡಿಯುವವರು ಬೋರು, ಮಣ್ಣು ನೋಡೋ ಹಾಗೆ ಅಮಾವಾಸ್ಯೆ ಹತ್ತಿರದ ಒಂದು ರಾತ್ರಿ ಹೋಗಿ ಬನ್ನಿ. ಚಂದ್ರ ಇಲ್ಲದಾಗಲೂ ನಿಮ್ಮ ನೆರಳು ನೆಲದ ಮೇಲೆ ಬೀಳುತ್ತಿದ್ದರೆ ಆ ಭಾಗಕ್ಕೆ ಸೇವಂತಿಗೆ ಬೇಡ. ಪಕ್ಕದ ರೈತರೇ ತಮ್ಮ ಎಳೆ ಗಿಡಕ್ಕೆ ಬಲ್ಬ್ ಕಟ್ಟಿ ನಿಮ್ಮ ಗಿಡ ಮೊಗ್ಗಿಗೆ ಬರೋ ಸಮಯ ಆಗಿದ್ದರೆ, ಮೊದಲೇ ಮಾತಾಡಿ ನಡುವೆ ಪರದೆ ಕಟ್ಟಿಸಿ. ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಗಿಡ ಕೀಳಬೇಡಿ. ಬೆಳಕು ತಪ್ಪಿಸಿದ ದಿನದಿಂದ ತಳಿ ನೋಡಿಕೊಂಡು 8ರಿಂದ 10 ವಾರ ಎಣಿಸಿ. ಮುಂದಿನ ಹಬ್ಬಕ್ಕೋ, ಮದುವೆ ಸೀಸನ್ನಿಗೋ ಸಿಗುತ್ತೆ ಅನ್ನಿಸಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಆ ಸಾಲುಗಳಿಗೆ ಟೊಮೆಟೊ ಹಾಕಿ.