ಯೇಲ್ ಮೆಡಿಕಲ್ ಸ್ಕೂಲ್: ರ‍್ಯಾಂಕ್ ಇಲ್ಲದ ಕಾಲೇಜಿನಲ್ಲಿ ಒಂದು ವಾರ

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳು ಅಮೆರಿಕದ ನ್ಯೂ ಹೇವನ್ ಊರಿನ ಯೇಲ್ ಮೆಡಿಕಲ್ ಸ್ಕೂಲಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಹೋದ ಅಕ್ಟೋಬರಿನಲ್ಲಿ ಮೈಸೂರಿನಿಂದ ಹೋಗಿ ಅವಳ ಜೊತೆ ಒಂದು ವಾರ ಇದ್ದು ಬಂದೆ. ಮಕ್ಕಳನ್ನು ಅಲ್ಲಿಗೆ ಕಳಿಸುವ ಆಸೆ ಇರುವವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ಪಿಯುಸಿ ಮುಗಿಸಿ ಸೀದಾ ಸೇರುವ ಕಾಲೇಜಲ್ಲ. ಒಂದು ಡಿಗ್ರಿ ಆಗಿರಬೇಕು, ಆಮೇಲೆ ಇಲ್ಲಿ ನಾಲ್ಕು ವರ್ಷ. ವರ್ಷಕ್ಕೆ ಸುಮಾರು ನೂರು ಜನರನ್ನಷ್ಟೇ ತೆಗೆದುಕೊಳ್ಳುತ್ತಾರೆ.

ನನ್ನನ್ನು ತುಂಬ ಹಿಡಿದಿಟ್ಟದ್ದು ಅಲ್ಲಿ ಕಲಿಸುವ ರೀತಿ. ಆಸ್ಪತ್ರೆ ವಾರ್ಡಿಗೆ ಹೋಗುವ ಮುಂಚಿನ ಒಂದೂವರೆ ವರ್ಷ ಗ್ರೇಡೇ ಇಲ್ಲ. ಯಾರು ಮೊದಲು, ಯಾರು ಕೊನೆ ಅನ್ನುವ ಪಟ್ಟಿಯೂ ಇಲ್ಲ. ಇದನ್ನು ಯೇಲ್ ಸಿಸ್ಟಮ್ ಅನ್ನುತ್ತಾರೆ, ಮಿಲ್ಟನ್ ವಿಂಟರ್ನಿಟ್ಸ್ ಎಂಬ ಡೀನ್ ಕಾಲದಲ್ಲಿ, 1920ರ ದಶಕದಲ್ಲಿ ಶುರುವಾದದ್ದು. ರ‍್ಯಾಂಕ್ ಬಂದವರ ಫೋಟೋಗಳನ್ನು ಕೋಚಿಂಗ್ ಸೆಂಟರಿನ ಫ್ಲೆಕ್ಸ್ ಮೇಲೆ ನೋಡಿ ನೋಡಿ ಅಭ್ಯಾಸವಾದ ನನಗೆ ಇದು ನಂಬಲಿಕ್ಕೇ ಆಗಲಿಲ್ಲ. "ಹಾಗಾದರೆ ಓದುತ್ತೀರೋ ಇಲ್ವೋ?" ಅಂತ ಕೇಳಿಯೇಬಿಟ್ಟೆ. "ಚಿಕ್ಕಮ್ಮ, ಪಕ್ಕದವಳಿಗೆ ಕಡಿಮೆ ಗೊತ್ತಿದ್ದರೆ ನನಗೇನೂ ಲಾಭ ಇಲ್ಲ. ಅದಕ್ಕೇ ಒಟ್ಟಿಗೆ ಕೂತು ಓದ್ತೀವಿ" ಅಂದಳು. ರಾತ್ರಿ ನಾಲ್ಕೈದು ಜನ ಅವಳ ಮನೆಗೆ ಬಂದು, ನಾನು ಮಾಡಿದ ಉಪ್ಪಿಟ್ಟು ತಿನ್ನುತ್ತಾ, ಒಬ್ಬರಿಗೊಬ್ಬರು ಹೃದಯದ ಕವಾಟಗಳ ಪಾಠ ಹೇಳಿಕೊಡುತ್ತಿದ್ದರು. ಯಾರೂ ನೋಟ್ಸ್ ಬಚ್ಚಿಡುತ್ತಿರಲಿಲ್ಲ. ದೇಶಕ್ಕೆಲ್ಲ ಒಂದೇ ಇರುವ ಲೈಸೆನ್ಸ್ ಪರೀಕ್ಷೆಯನ್ನಂತೂ ಪಾಸು ಮಾಡಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಇನ್ನೊಂದು, ಪ್ರಬಂಧ. ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಒಂದು ಪ್ರಶ್ನೆ ಹುಡುಕಿ, ಒಬ್ಬ ಪ್ರೊಫೆಸರ್ ಜೊತೆ ಸಂಶೋಧನೆ ಮಾಡಿ, ಬರೆದು ಕೊಡಬೇಕು. 1839ರಿಂದ ಈ ನಿಯಮ ಇದೆ. ಶಾಲೆ ಹುಟ್ಟಿದ್ದೇ 1810ರಲ್ಲಿ ಅಂದರೆ ನೋಡಿ. ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ, ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಡಾಕ್ಟರ್) ಆಗಿದ್ದವರು, ಎಂ.ಡಿ. (ಅಲ್ಲಿ ಡಾಕ್ಟರಾಗುವ ಡಿಗ್ರಿ) ಓದಿದ್ದು ಇಲ್ಲೇ. ಅಕ್ಕ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ, ನನಗೂ ಹೆಮ್ಮೆಯೇ.

ಮೆಡಿಕಲ್ ಲೈಬ್ರರಿಯ ನೆಲಮಾಳಿಗೆಯಲ್ಲಿ ಕುಶಿಂಗ್ ಸೆಂಟರ್ ಇದೆ. ಹಾರ್ವೆ ಕುಶಿಂಗ್ ಮೆದುಳಿನ ಆಪರೇಷನ್ನಿಗೆ ದಾರಿ ಹಾಕಿಕೊಟ್ಟ ಡಾಕ್ಟರ್. ಅವರು ಇಟ್ಟುಕೊಂಡಿದ್ದ ಮೆದುಳುಗಳು 400ಕ್ಕೂ ಹೆಚ್ಚು ಗಾಜಿನ ಜಾಡಿಗಳಲ್ಲಿ, ಮೆತ್ತನೆ ಬೆಳಕಿನಲ್ಲಿ, ಸುತ್ತಲೂ ಸಾಲಾಗಿವೆ. ಎಷ್ಟೋ ವರ್ಷ ಇವು ಹಾಸ್ಟೆಲ್ ಕೆಳಗಿನ ಗೋಡೌನಿನಲ್ಲಿ ಧೂಳು ಹಿಡಿದು ಬಿದ್ದಿದ್ದವಂತೆ, ಹುಡುಗರು ರಾತ್ರಿ ಕದ್ದು ಹೋಗಿ ನೋಡಿ ಬರುತ್ತಿದ್ದರಂತೆ. 2010ರಲ್ಲಿ ಸರಿಯಾದ ಜಾಗ ಸಿಕ್ಕಿತು. ನಾನು ಜಾಡಿಗಳಿಗಿಂತ ಜಾಸ್ತಿ ಹೊತ್ತು ನಿಂತದ್ದು ರೋಗಿಗಳ ಹಳೆಯ ಫೋಟೋಗಳ ಮುಂದೆ. ಬೋಳಿಸಿದ ತಲೆ, ಸೀದಾ ನಮ್ಮನ್ನೇ ನೋಡುವ ಕಣ್ಣು. ಮಕ್ಕಳೂ ಇದ್ದಾರೆ. ಅಲ್ಲಿ ಜೋರಾಗಿ ಮಾತಾಡಲಿಕ್ಕೆ ಮನಸ್ಸೇ ಬರಲಿಲ್ಲ.

ಪಕ್ಕದ ಆಸ್ಪತ್ರೆಯ ಕಥೆಯನ್ನೂ ಹೇಳಬೇಕು. 1942ರ ಮಾರ್ಚಿನಲ್ಲಿ ಆನ್ ಮಿಲ್ಲರ್ ಎಂಬ ಹೆಂಗಸು ಗರ್ಭಸ್ರಾವದ ನಂತರ ರಕ್ತಕ್ಕೆ ಸೋಂಕು ಹತ್ತಿ, ವಾರಗಟ್ಟಲೆ ಜ್ವರದಲ್ಲಿ ಬೇಯುತ್ತಾ ಸಾಯುವ ಹಂತದಲ್ಲಿದ್ದರು. ಆಗ ಪೆನ್ಸಿಲಿನ್ ಇಡೀ ದೇಶದಲ್ಲಿ ಚಮಚದ ಲೆಕ್ಕದಲ್ಲಿತ್ತು. ಅದನ್ನು ತರಿಸಿ ಕೊಟ್ಟರು, ಮಾರನೇ ದಿನಕ್ಕೇ ಜ್ವರ ಇಳಿಯಿತು. ಔಷಧಿ ಎಷ್ಟು ಅಪರೂಪ ಅಂದರೆ, ಅವರ ಮೂತ್ರದಿಂದಲೇ ಪೆನ್ಸಿಲಿನ್ ವಾಪಸ್ ತೆಗೆದು ಬಳಸಿಕೊಂಡರು. ಅಮೆರಿಕದಲ್ಲಿ ಪೆನ್ಸಿಲಿನ್‌ನಿಂದ ಬದುಕಿದ ಮೊದಲಿಗರು ಅವರೇ, ಆಮೇಲೆ 90 ವರ್ಷದವರೆಗೂ ಬಾಳಿದರು. ಬಾಣಂತಿ ಜ್ವರದಲ್ಲಿ ಹೋದ ನನ್ನ ಅಜ್ಜಿಯ ತಂಗಿಯ ನೆನಪಾಯಿತು.

ಎಲ್ಲವೂ ಒಳ್ಳೆಯದೇ ಅಂತ ಬರೆದರೆ ಸುಳ್ಳಾಗುತ್ತದೆ. ಹೆಣ್ಣುಮಕ್ಕಳಿಗೆ ಇಲ್ಲಿ ಬಾಗಿಲು ತೆರೆದದ್ದು 1916ರಲ್ಲಿ, ಅಂದರೆ ಶಾಲೆ ಹುಟ್ಟಿ ನೂರು ವರ್ಷ ದಾಟಿದ ಮೇಲೆ. ಹೆಂಗಸರಿಗೆ ಶೌಚಾಲಯ ಇಲ್ಲ ಅನ್ನುವುದು ಆಗಿನ ಒಂದು ನೆಪ. ಅಲ್ಲಿನ ಪ್ರೊಫೆಸರ್ ಒಬ್ಬರು ಕಟ್ಟಿಸುವ ಖರ್ಚು ನಾನೇ ಕೊಡುತ್ತೇನೆ ಅಂದರು. ಅವರ ಮಗಳು ಲೂಯಿಸ್ ಫಾರ್ನಮ್ ಅದೇ ಮೊದಲ ತಂಡದಲ್ಲಿ ಸೇರಿ, 1920ರಲ್ಲಿ ಅತಿ ಉನ್ನತ ದರ್ಜೆಯಲ್ಲಿ ಪಾಸಾದರು. ಆ ಅಪ್ಪನಿಗೆ ಕೈ ಮುಗಿಯಬೇಕು ಅನಿಸಿತು. ಯೇಲ್ ಅನ್ನುವ ಹೆಸರು ಕೂಡ ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿ ದುಡ್ಡು ಮಾಡಿ, ಕಾಲೇಜಿಗೆ ದಾನ ಕೊಟ್ಟ ಎಲಿಹು ಯೇಲ್‌ನದು. ಆ ದುಡ್ಡು ಯಾರ ಬೆವರು ಅನ್ನುವುದು ನಮಗೆ ಗೊತ್ತಿರಬೇಕು, ಅಲ್ವಾ?

ಇನ್ನು ಫೀಸು. ವರ್ಷಕ್ಕೆ 70 ಸಾವಿರ ಡಾಲರಿಗೂ ಮೇಲೆ, ಊಟ ಬಾಡಿಗೆ ಬೇರೆ. ಮನೆಯ ಆದಾಯ ನೋಡಿ ಸಹಾಯ ಕೊಡುತ್ತಾರೆ, ಆದರೂ ಅಕ್ಕ ಭಾವ ರಾತ್ರಿ ಲೆಕ್ಕದ ಪುಸ್ತಕ ಹಿಡಿದು ಕೂರುವುದನ್ನು ನಾನೇ ನೋಡಿದ್ದೇನೆ. ಹೊರದೇಶದಿಂದ ಹೋಗುವವರಿಗೆ ಸೀಟು ಸಿಗುವುದು ಇನ್ನೂ ಕಷ್ಟ. ಯಾರಾದರೂ ಹಿಂದೆ ನಿಂತು ಓದಿಸಬೇಕಾದ ಮಕ್ಕಳಿಗೆ ಈ ಜಾಗ ಬೇಡ. ತಾನಾಗಿಯೇ ಪುಸ್ತಕ ತೆಗೆಯುವ, ಪ್ರಶ್ನೆ ಕೇಳುವ ಮಗುವಾದರೆ ಖಂಡಿತ ಪ್ರಯತ್ನ ಮಾಡಿಸಿ.

ಸುಮ್ನೆ ನೋಡಿ ಬರುವುದಾದರೆ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್‌ನಿಂದ ನ್ಯೂ ಹೇವನ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಸ್ಟೇಷನ್ನಿನಿಂದ ಮೆಡಿಕಲ್ ಸ್ಕೂಲ್ ಇರುವ ಸೀಡರ್ ಸ್ಟ್ರೀಟಿಗೆ ನಡೆದೇ ಹೋಗಬಹುದು. ಕುಶಿಂಗ್ ಸೆಂಟರಿಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ.