ಚಲಾವಣೆ ತಪ್ಪಿದ ನಾಣ್ಯಗಳಿಗೆ ಯಾವುದು ಒಳ್ಳೆಯದು: ಪ್ಲಾಸ್ಟಿಕ್ ಆಲ್ಬಮ್ಮೋ, ರಟ್ಟಿನ ಹೋಲ್ಡರೋ?

ಹಳೆಯ ಮನೆಗಳ ಡಬ್ಬಿಗಳಲ್ಲಿ ಉಳಿದಿರುವ ನಾಲ್ಕಾಣೆ, ಹತ್ತು ಪೈಸೆ, ಮೂರು ಪೈಸೆಗಳನ್ನು ಏನು ಮಾಡಬೇಕೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಕ್ರಮವಾಗಿ ಜೋಡಿಸಿ, ಕೆಡದಂತೆ ಇಟ್ಟುಕೊಳ್ಳಿ. ಹಾಗೆ ಇಡಲು ಅಂಗಡಿಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಸಾಧನಗಳು ಸಿಗುತ್ತವೆ. ಒಂದು, ಮೆತ್ತನೆಯ ಪ್ಲಾಸ್ಟಿಕ್ ಜೇಬುಗಳಿರುವ ಆಲ್ಬಮ್. ಇನ್ನೊಂದು, ನಡುವೆ ಪಾರದರ್ಶಕ ಕಿಂಡಿಯಿರುವ ರಟ್ಟಿನ ಹೋಲ್ಡರ್. ಎರಡನ್ನೂ ನಮ್ಮ ಮನೆಯ ನಾಣ್ಯಗಳಿಗೆ ಬಳಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಬೇರೆ ದಾರಿಗಳ ಮಾತನ್ನು ಬೇಗ ಮುಗಿಸಬಹುದು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮುಖಬೆಲೆಯ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡವು. ಬ್ಯಾಂಕಿನಲ್ಲಿ ಕೊಟ್ಟು ಬದಲಾಯಿಸಿಕೊಳ್ಳುವ ಅವಕಾಶವೂ ಅದರ ಹಿಂದಿನ ದಿನಕ್ಕೇ ಮುಗಿದುಹೋಯಿತು. ಲೋಹದ ಬೆಲೆಯ ಲೆಕ್ಕ ಹಾಕಿದರೆ ಒಂದು ಪೈಸೆಯ ಚೌಕ ಬಿಲ್ಲೆಯಲ್ಲಿರುವ ಅಲ್ಯೂಮಿನಿಯಂ 0.75 ಗ್ರಾಂ ಮಾತ್ರ. ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುತ್ತೇವೆಂದು ಮೊಬೈಲಿಗೆ ಬರುವ ಸಂದೇಶಗಳನ್ನಂತೂ ನಂಬಲೇಬಾರದು. ಇಂಥ ಮಾರಾಟದ ನೆಪದಲ್ಲಿ ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್, ತೆರಿಗೆ ಕೇಳುವವರಿಗೆ ಹಣ ಕೊಡಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಅಂದಹಾಗೆ, ಎಂಟಾಣೆ ಈ ಪಟ್ಟಿಯಲ್ಲಿಲ್ಲ. ಅಂಗಡಿಯವರು ತೆಗೆದುಕೊಳ್ಳದಿದ್ದರೂ 50 ಪೈಸೆಯ ನಾಣ್ಯಕ್ಕೆ ಕಾನೂನಿನ ಮಾನ್ಯತೆ ಇಂದಿಗೂ ಇದೆ.

ಈಗ ಆಲ್ಬಮ್ ವಿಚಾರ. ಅಗ್ಗದ ಆಲ್ಬಮ್ ನೋಡಲು ಚೆಂದವಾಗಿದೆ, ನಾಣ್ಯಗಳನ್ನು ತುಂಬಿಸುವುದೂ ಸುಲಭ. ಆದರೆ ಅದರ ಜೇಬುಗಳನ್ನು ಮಾಡಿರುವ ಪಿವಿಸಿ ಪ್ಲಾಸ್ಟಿಕ್ಕೇ ನಾಣ್ಯಕ್ಕೆ ಶತ್ರು. ವರ್ಷಗಳು ಕಳೆದಂತೆ ಈ ಪ್ಲಾಸ್ಟಿಕ್ ಒಡೆದು ಆಮ್ಲ ಬಿಡುತ್ತದೆ, ಅದನ್ನು ಮೆತ್ತಗಾಗಿಸಲು ಬೆರೆಸಿದ ಪದಾರ್ಥವೂ ನಿಧಾನವಾಗಿ ಹೊರಬರುತ್ತದೆ, ಎರಡೂ ಸೇರಿ ತಾಮ್ರದ ಅಂಶವಿರುವ ನಾಣ್ಯಗಳ ಮೇಲೆ ಅಂಟಂಟಾದ ಹಸಿರು ಪೊರೆ ಕಟ್ಟುತ್ತದೆ. ನನ್ನ ಆಲ್ಬಮ್‌ನಲ್ಲಿದ್ದ 1957ರ ಕಂಚಿನ ಒಂದು ನಯಾ ಪೈಸೆಗೆ ಇದೇ ಗತಿಯಾಯಿತು. ದಶಮಾಂಶ ಪದ್ಧತಿ ಜಾರಿಗೆ ಬಂದ ವರ್ಷದ ಆ ನಾಣ್ಯದಲ್ಲಿ ಇಸವಿಯ ಕೊನೆಯ ಅಂಕಿ ಈಗ ಹಸಿರಿನಡಿ ಮುಚ್ಚಿಹೋಗಿದೆ. ಅಲ್ಯೂಮಿನಿಯಂ ನಾಣ್ಯಗಳ ಕಷ್ಟ ಬೇರೆ. ಕರಾವಳಿ, ಮಲೆನಾಡಿನ ಮಳೆಗಾಲದ ತೇವ ಜೇಬಿನೊಳಗೆ ಸಿಕ್ಕಿಕೊಂಡರೆ ಅವುಗಳ ಮೇಲೆ ಬಿಳಿ ಚುಕ್ಕೆಗಳೇಳುತ್ತವೆ, ಮೈ ಒರಟಾಗುತ್ತದೆ. ಆಲ್ಬಮ್ ಬಿಡಿಸಿದ ಕೂಡಲೇ ಹೊಸ ರೇನ್‌ಕೋಟಿನಂತೆ ವಾಸನೆ ಬಂದರೆ ಅದನ್ನು ಕೊಳ್ಳದಿರುವುದೇ ಕ್ಷೇಮ.

ರಟ್ಟಿನ ಹೋಲ್ಡರ್ ಈ ತೊಂದರೆಗೆ ನೇರವಾದ ಪರಿಹಾರ. ಅಂಗೈಯಲ್ಲಿ ಹಿಡಿಸುವ ಚೌಕ ರಟ್ಟು ಎರಡು ಮಡಿಕೆಯಾಗಿರುತ್ತದೆ, ಕಿಂಡಿಗೆ ಪಾಲಿಯೆಸ್ಟರ್ ಹಾಳೆ ಅಂಟಿಸಿರುತ್ತಾರೆ. ನಾಣ್ಯವನ್ನು ನಡುವೆ ಇಟ್ಟು, ರಟ್ಟನ್ನು ಮಡಚಿ, ಅಂಚುಗಳಿಗೆ ಸ್ಟೇಪ್ಲರ್ ಪಿನ್ ಹೊಡೆದರೆ ಕೆಲಸ ಮುಗಿಯಿತು. ನನಗೆ ಒಂದೊಂದಕ್ಕೆ ನಾಲ್ಕೈದು ರೂಪಾಯಿ ಬಿದ್ದಿದೆ. ಮುಖಬೆಲೆಯೇ ಇಲ್ಲದ ನಾಣ್ಯಕ್ಕೆ ಇಷ್ಟು ಖರ್ಚು ಏಕೆ ಎಂದು ಮನೆಯವರು ಕೇಳಿದರೂ ಈ ಹಣ ದಂಡವೆಂದು ನನಗನ್ನಿಸಿಲ್ಲ. ಪಿನ್ನಿನ ಹಿಂಬದಿಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುವುದನ್ನು ಮಾತ್ರ ಮರೆಯಬಾರದು, ಇಲ್ಲದಿದ್ದರೆ ಅದರ ತುದಿ ಪಕ್ಕದ ಹೋಲ್ಡರಿನ ಕಿಂಡಿಯನ್ನು ಕೆರೆದು ಹರಿಯುತ್ತದೆ.

ಈ ಹೋಲ್ಡರುಗಳಲ್ಲಿ ನಾನು ಕಂಡ ನಿಜವಾದ ಕೊರತೆ ಕಿಂಡಿಯ ಆಕಾರ. ಎಲ್ಲ ಕಿಂಡಿಗಳೂ ದುಂಡಗಿರುತ್ತವೆ, ನಮ್ಮ ನಾಣ್ಯಗಳು ಹಾಗಿಲ್ಲ. ಒಂದು ಪೈಸೆ, ಐದು ಪೈಸೆ ಚೌಕ, ಮೂರು ಪೈಸೆ ಆರು ಮೂಲೆಯದು, 1982ರಿಂದ ಬಂದ ಅಲ್ಯೂಮಿನಿಯಂನ ಇಪ್ಪತ್ತು ಪೈಸೆಯೂ ಆರು ಮೂಲೆಯದು, ಎರಡು ಮತ್ತು ಹತ್ತು ಪೈಸೆಯ ಅಲ್ಯೂಮಿನಿಯಂ ಬಿಲ್ಲೆಗಳ ಅಂಚು ಅಲೆಅಲೆಯಾಗಿದೆ. ಆದ್ದರಿಂದ ಕೊಳ್ಳುವ ಮೊದಲು ನಾಣ್ಯವನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದುಕೊಂಡು, ಅದಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡದಾದ ಕಿಂಡಿಯನ್ನೇ ಆರಿಸಬೇಕು. ಘೇಂಡಾಮೃಗದ ಚಿತ್ರವಿರುವ ಸ್ಟೀಲಿನ ನಾಲ್ಕಾಣೆ 19 ಮಿಲಿಮೀಟರ್ ಅಗಲದ ದುಂಡು ನಾಣ್ಯವಾದ್ದರಿಂದ ಅದಕ್ಕೆ ಈ ತಾಪತ್ರಯವಿಲ್ಲ.

ರಟ್ಟಿನ ಅಂಚಿನಲ್ಲಿ ಬರೆಯಲು ಜಾಗವಿರುವುದು ನನಗೆ ಬಹಳ ಹಿಡಿಸಿದ ಗುಣ. ಭೂತಗನ್ನಡಿ ಹಿಡಿದು ಇಸವಿಯ ಕೆಳಗೆ ನೋಡಿದರೆ ಟಂಕಸಾಲೆಯ ಗುರುತು ಕಾಣುತ್ತದೆ: ವಜ್ರಾಕೃತಿಯಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಸವಿ ಮತ್ತು ಊರನ್ನು ಅಂಚಿನಲ್ಲಿ ಬರೆದಿಟ್ಟ ಮೇಲೆ, ಒಂದೇ ಥರ ಕಾಣುತ್ತಿದ್ದ ನಾಲ್ಕಾಣೆಗಳು ನಾಲ್ಕು ಬೇರೆ ಊರುಗಳವಾಗುತ್ತವೆ. ಮನೆಯ ಮಕ್ಕಳು ಇದನ್ನು ಹುಡುಕುವ ಉತ್ಸಾಹ ಕಂಡು ನನಗೂ ಸಂತೋಷವಾಗಿದೆ. ಬರವಣಿಗೆಯನ್ನು ಮಾತ್ರ ಪಿನ್ ಹೊಡೆಯುವ ಮೊದಲೇ ಮುಗಿಸಬೇಕು.

ಹೋಲ್ಡರಿಗೆ ಹಾಕುವ ಮೊದಲು ಹುಣಸೆಹಣ್ಣು, ನಿಂಬೆರಸ ಹಚ್ಚಿ ನಾಣ್ಯವನ್ನು ತಿಕ್ಕಿ ಹೊಳೆಯಿಸುವ ಅಭ್ಯಾಸ ಹಲವರಿಗಿದೆ. ದೇವರ ದೀಪಕ್ಕೆ ಅದು ಸರಿ, ನಾಣ್ಯಕ್ಕಲ್ಲ. ಹುಳಿ ಲೋಹದ ಮೇಲ್ಪದರವನ್ನೇ ತಿನ್ನುತ್ತದೆ, ಸಂಗ್ರಾಹಕರು ಅಂಥ ನಾಣ್ಯಕ್ಕೆ ಬೆಲೆ ಕಟ್ಟುವುದಿಲ್ಲ. ಅಂಚು ಹಿಡಿದು ಎತ್ತಿ ಒಣ ನಾಣ್ಯವನ್ನೇ ಇಡಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್‌ನ ಒಂದು ಪೊಟ್ಟಣವಿರಲಿ.

ಹೋಲ್ಡರುಗಳನ್ನು ಸಾಲಾಗಿ ತುಂಬಿಸಲು ಇಪ್ಪತ್ತು ಜೇಬಿನ ಹಾಳೆಗಳೂ ಸಿಗುತ್ತವೆ. ಅವುಗಳಲ್ಲೂ ಪಿವಿಸಿಯವು ಇರುವುದರಿಂದ ಪಾಲಿಪ್ರೊಪಿಲೀನ್ ಹಾಳೆಯನ್ನೇ ಕೇಳಿ ಪಡೆಯಿರಿ. ಹೊದಿಕೆಯ ಮೇಲೆ ಯಾವ ಪ್ಲಾಸ್ಟಿಕ್ ಎಂದು ಬರೆದಿಲ್ಲದಿದ್ದರೆ, ಅಂಗಡಿಯವರು ಎಷ್ಟೇ ಭರವಸೆ ಕೊಟ್ಟರೂ ಆ ಹಾಳೆ ಬೇಡ.