ಮಕ್ಕಳನ್ನು ಜಂಪಿಂಗ್‌ಗೆ ಬಿಡುವ ಮುಂಚೆ, ಕೋಚ್ ಗ್ರಿಡ್ ಅಳೆಯುತ್ತಾರಾ ನೋಡಿ

ಬೆಂಗಳೂರಿನ ಸುತ್ತಮುತ್ತ ಕುದುರೆ ಸವಾರಿ ಕಲಿಸುವ ಜಾಗಗಳಿಗೆ ಈಗ ಕೊರತೆಯಿಲ್ಲ. 2018ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮೂರಿನ ಫವಾದ್ ಮಿರ್ಜಾ ಎರಡು ಬೆಳ್ಳಿ ಗೆದ್ದರಲ್ವಾ, ಆ ವಿಡಿಯೋ ನೋಡಿದಾಗಿನಿಂದ ನನ್ನ ಮಗಳಿಗೂ ಜಂಪಿಂಗ್ ಹುಚ್ಚು. ಅಂಥ ಒಂದು ಜಾಗದಲ್ಲಿ ಅವಳ ಕಾಲರ್ ಬೋನ್ ಮುರಿಯಿತು. ಸವಾರಿ ಅಂದಮೇಲೆ ಬೀಳುವುದು ಇದ್ದದ್ದೇ, ಗೊತ್ತು. ಆದರೆ ಅವತ್ತು ಅವಳು ಬೀಳಲೇಬೇಕು ಅನ್ನುವ ಹಾಗೆ ಪೋಲ್‌ಗಳನ್ನು, ಅಂದರೆ ಕುದುರೆ ದಾಟಬೇಕಾದ ಅಡ್ಡ ಕೋಲುಗಳನ್ನು, ಜೋಡಿಸಿದ್ದರು.

ಗ್ರಿಡ್ ಅಂದರೆ ಒಂದೇ ಸಾಲಿನಲ್ಲಿ, ಅಳತೆ ಮಾಡಿದ ಅಂತರದಲ್ಲಿ ಇಡುವ ಚಿಕ್ಕ ಚಿಕ್ಕ ಜಂಪ್‌ಗಳು. ಅಂತರ ಸರಿಯಿದ್ದರೆ ಕುದುರೆ ತಾನಾಗಿ ಸರಿಯಾದ ಜಾಗದಲ್ಲಿ ನೆಗೆಯುತ್ತದೆ, ಮಗು ತನ್ನ ಬ್ಯಾಲೆನ್ಸ್ ಕಡೆ ಗಮನ ಕೊಡಬಹುದು. ನಿಜಕ್ಕೂ ಒಳ್ಳೆಯ ವ್ಯಾಯಾಮ. ಪಾಠ ಮಾಡುವುದು ಆ ಅಂತರವೇ ಆದ್ದರಿಂದ, ಅದು ತಪ್ಪಿದರೆ ಎಲ್ಲವೂ ತಪ್ಪಿತು.

ಅವತ್ತು ಮುಂಚೆ ದೊಡ್ಡ ಕುದುರೆಗಳ ಕ್ಲಾಸ್ ಇತ್ತು. ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು, ಉದ್ದ ಹೆಜ್ಜೆ. ಅವು ಕ್ಯಾಂಟರ್‌ನಲ್ಲಿ (ವೇಗದ ಓಟ) ಬಂದು ನೆಗೆಯುವ ಗ್ರಿಡ್ಡನ್ನೇ ಮಕ್ಕಳ ಪೋನಿಗಳಿಗೂ (ಗಿಡ್ಡ ಕುದುರೆಗಳು) ಹಾಗೇ ಬಿಟ್ಟರು. ಮೊದಲೆರಡು ಜಂಪ್‌ಗಳ ನಡುವೆ ಬೌನ್ಸ್, ಅಂದರೆ ಇಳಿದ ತಕ್ಷಣ ಮತ್ತೆ ನೆಗೆಯಬೇಕು, ನಡುವೆ ಒಂದು ಹೆಜ್ಜೆಯೂ ಇಲ್ಲ. ಆಮೇಲೆ ನನ್ನ ಗಂಡ ಟೇಪ್ ಹಿಡಿದು ನೋಡಿದರೆ ಹತ್ತಿರ ಹತ್ತಿರ 12 ಅಡಿ. ಟ್ರಾಟ್‌ನಲ್ಲಿ (ಕ್ಯಾಂಟರ್‌ಗಿಂತ ನಿಧಾನದ ಓಟ) ಬರುವ ದೊಡ್ಡ ಕುದುರೆಗೇ ಸುಮಾರು 10 ಅಡಿ ಸಾಕು, ಪೋನಿಗೆ ಇನ್ನೂ ಕಡಿಮೆ. ಪಾಪ, ಆ ಪೋನಿ ನಡುವೆ ಒಂದು ಪುಟ್ಟ ಹೆಜ್ಜೆ ತುರುಕಲು ನೋಡಿತು. ಜಾಗ ಸಾಲದೆ ಎರಡನೇ ಪೋಲ್‌ಗೆ ಎದೆ ಕೊಟ್ಟು ನಿಂತಿತು. ಮಗಳು ಅದರ ತಲೆಯ ಮೇಲಿಂದ ಹೋಗಿ ಬಿದ್ದಳು. ಕೋಚ್ ಹೇಳಿದ್ದು, "ಕಾಲು ಗಟ್ಟಿಯಾಗಿ ಒತ್ತಲಿಲ್ಲ, ಅದಕ್ಕೇ." ಹನ್ನೆರಡು ವರ್ಷದ ಹುಡುಗಿಯ ಮೇಲೆ ತಪ್ಪು ಹೊರಿಸಿದ್ದು ನನಗೆ ಇವತ್ತಿಗೂ ಸಹಿಸಲು ಆಗುತ್ತಿಲ್ಲ.

ಹೀಗಾಗಿ ದಯವಿಟ್ಟು ಸೇರಿಸುವ ಮುಂಚೆ ಒಂದು ಕ್ಲಾಸ್ ಪೂರ್ತಿ ನಿಂತು ನೋಡಿ. ಕುದುರೆ ಬದಲಾದಾಗ ಕೋಚ್ ಹೆಜ್ಜೆ ಹಾಕಿ ಅಂತರ ಅಳೆದು ಪೋಲ್ ಸರಿಸುತ್ತಾರಾ? ಮೊದಲು ನೆಲದ ಮೇಲಿನ ಪೋಲ್‌ಗಳು, ಆಮೇಲೆ ಒಂದು ಕ್ರಾಸ್ (ಎರಡು ಪೋಲ್‌ಗಳನ್ನು X ಆಕಾರದಲ್ಲಿ ಇಟ್ಟ ಚಿಕ್ಕ ಜಂಪ್), ಅದು ಸಲೀಸಾದ ಮೇಲೆ ಇನ್ನೊಂದು, ಹೀಗೆ ಬೆಳೆಸುತ್ತಾ ಹೋಗುತ್ತಾರಾ? ನಮ್ಮವಳಿಗೆ ನಾಲ್ಕೂ ಜಂಪ್ ಒಟ್ಟಿಗೇ ಎದುರಾದವು. ಪೋಲ್ ತಗುಲಿದರೆ ಉರುಳಿ ಬೀಳಬೇಕು. ಅಲ್ಲಿ ಒಂದು ಪೋಲನ್ನು ಹಗ್ಗದಿಂದ ಕಟ್ಟಿದ್ದರು, ಪದೇ ಪದೇ ಎತ್ತಿಡಲು ಬೇಜಾರಂತೆ! ಅಂಥದ್ದು ಕಣ್ಣಿಗೆ ಬಿದ್ದರೆ ಮಗುವನ್ನು ಕುದುರೆ ಹತ್ತಲೇ ಬಿಡಬೇಡಿ.

ಹೆಲ್ಮೆಟ್ ನಿಮ್ಮದೇ ತಂದುಕೊಳ್ಳಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಕುಗ್ಗಿರುತ್ತದೆ, ಅದನ್ನು ಎಸೆಯಬೇಕು. ನನ್ನ ಮಗಳು ಬಿದ್ದಾಗ ಹಾಕಿದ್ದ ಹೆಲ್ಮೆಟ್ಟನ್ನು ಅವರು ಒರೆಸಿ ವಾಪಸ್ ಕಪಾಟಿನಲ್ಲಿ ಇಟ್ಟರು.